ಮೊಟ್ಟೆ ಟ್ರೇಯ ತಕ್ಕಡಿ

ನಮ್ಮ ಮನೆಯ ಫ್ರಿಜ್ಜಿನ ತಲೆಯ ಮೇಲೆ ಮೊಟ್ಟೆಯ ಖಾಲಿ ಟ್ರೇ ಒಂದು ಕೂತಿದೆ. ರಟ್ಟಿನದ್ದು, ಬೂದು ಬಣ್ಣದ್ದು. ಒಂದು ಮೂಲೆಯಿಂದ ಎರಡು ಗುಳಿಗಳನ್ನು ಯಾರೋ ಕತ್ತರಿಸಿಕೊಂಡಿರುವುದರಿಂದ ಇಲಿ ಕಡಿದ ಹಾಗೆ ಕಾಣುತ್ತದೆ. ಮನೆಗೆ ಬಂದವರು ಅದನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ನಮ್ಮವರು ಅದನ್ನು ಎಸೆಯಲು ಹೊರಟಾಗಲೆಲ್ಲ ನಾನು ಹೇಗೋ ವಾಸನೆ ಹಿಡಿದು ಅಡ್ಡ ಬಂದಿದ್ದೇನೆ. ವಾಸನೆ ಹಿಡಿಯುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ದುಬೈಯ ಅಲ್ ನಹ್ದಾದ ನಮ್ಮ ಕಟ್ಟಡದಲ್ಲಂತೂ ಯಾರೂ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಅನುಮಾನದ ಪ್ರಾಣಿ. ಇದು ನನ್ನ ಸ್ವಂತ ಸಂಪಾದನೆಯಲ್ಲ, ಅಮ್ಮನಿಂದ ಬಂದದ್ದು. ಕಟಪಾಡಿಯಲ್ಲಿ ಅಮ್ಮ ಮೀನಿನವಳ ಬುಟ್ಟಿಯ ಮುಂದೆ ಕೂತರೆ ಒಂದೊಂದು ಬೂತಾಯಿಯ ಕಿವಿರನ್ನೂ ಎತ್ತಿ ನೋಡಿ, ಕಣ್ಣು ನೋಡಿ, ಕೊನೆಗೆ ಮೀನಿನವಳ ಕಣ್ಣನ್ನೂ ನೋಡುತ್ತಿದ್ದಳು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಅದು ಏನೋ ಸುಳ್ಳು ಹೇಳುತ್ತಿದೆ ಎಂಬಂತೆ ಮುಖ ಮಾಡುತ್ತಿದ್ದಳು. "ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂಬ ಗಾದೆಯನ್ನು ಜನ ಅಪರೂಪಕ್ಕೆ ಹೇಳುತ್ತಾರೆ. ಅಮ್ಮ ಹಾಲಿನವನ ಎದುರಿಗೇ ಹೇಳುತ್ತಿದ್ದಳು.

ಆ ರಕ್ತ ನನ್ನ ಮೈಯಲ್ಲಿ ಹರಿಯುತ್ತಿರುವಾಗ ಶಾಲೆಯವರು ಕಳಿಸುವ "ಆ್ಯಕ್ಟಿವಿಟಿ" ಎಂಬ ಶಬ್ದವನ್ನು ನಾನು ನಂಬುವುದಾದರೂ ಹೇಗೆ? ನನ್ನ ಮಗಳು ಸಾನ್ವಿ ಎರಡನೇ ಗ್ರೇಡು. ವಾರಕ್ಕೊಮ್ಮೆ ತಾಯಂದಿರ ವಾಟ್ಸಾಪ್ ಗ್ರೂಪಿಗೆ ಒಂದು ಸಂದೇಶ ಬೀಳುತ್ತದೆ. ಮನೆಯಲ್ಲಿ ಸಿಗುವ ಬೇಡದ ವಸ್ತುಗಳಿಂದ ಮಗು ತಾನೇ ಏನಾದರೂ ಮಾಡಬೇಕು, ಅದರಿಂದ ಅದರ ಸೃಜನಶೀಲತೆ ಅರಳಬೇಕು, ಅರಳಿದ್ದರ ಫೋಟೋ ತೆಗೆದು ಕಳಿಸಬೇಕು. ಓದಲು ಬಹಳ ಚೆಂದ. ಆದರೆ ದುಬೈಯ ಫ್ಲಾಟಿನಲ್ಲಿ ಬೇಡದ ವಸ್ತು ಎಲ್ಲಿಂದ ಬರಬೇಕು? ಜಾಗವೇ ಇಲ್ಲದ ಮನೆಯಲ್ಲಿ ಬೇಡದ್ದು ಹುಟ್ಟಿದ ಕೂಡಲೇ ಕಸದ ಕೊಳವೆಗೆ ಹೋಗುತ್ತದೆ. ಹಾಗಾಗಿ ಸಂದೇಶ ಬಂದ ದಿನ ಬೇಡದ ವಸ್ತುವಿಗಾಗಿ ಬೇಡುವುದು ಶುರುವಾಗುತ್ತದೆ. ಎದುರು ಫ್ಲಾಟಿನ ಜುಬೈದಾ ಬಾಗಿಲು ತಟ್ಟುತ್ತಾಳೆ. ಅವಳು ಉಳ್ಳಾಲದ ಕಡೆಯವಳು, ಮನೆಯಲ್ಲಿ ಬ್ಯಾರಿ ಮಾತು, ನನ್ನ ಹತ್ತಿರ ಕನ್ನಡ. ಅವಳ ಮಗಳೂ ಸಾನ್ವಿಯ ಕ್ಲಾಸೇ.

"ಶಶಿಯಕ್ಕಾ, ನಿಮ್ಮಲ್ಲಿ ಟಾಯ್ಲೆಟ್ ರೋಲಿನ ಕೊಳವೆ ಉಂಟಾ?"

"ರೋಲೇ ಇನ್ನೂ ಮುಗಿಲಿಲ್ಲ ಮಾರಾಯ್ತಿ."

"ಮುಗಿಸ್ಲಿಕ್ಕೆ ಆಗ್ತದಾ ನೋಡಿ."

ಹೀಗೆ ನಮ್ಮ ಮಾತುಕತೆ ಸಾಗುತ್ತದೆ. ಮರುದಿನ ಗ್ರೂಪಿನಲ್ಲಿ ಫೋಟೋಗಳು ಬಂದಾಗ ನಾನು ಒಂದೊಂದನ್ನೂ ದೊಡ್ಡದು ಮಾಡಿ, ಅಮ್ಮ ಮೀನಿನ ಕಿವಿರು ನೋಡಿದ ಹಾಗೆ ನೋಡುತ್ತೇನೆ. ಏಳು ವರ್ಷದ ಮಗು ಬಿಸಿ ಅಂಟಿನ ಬಂದೂಕು ಹಿಡಿದೀತೇ? ಆ ಗಾಳಿಯಂತ್ರದ ರೆಕ್ಕೆ ಅಷ್ಟು ನೆಟ್ಟಗೆ ಹೇಗೆ ಬಂತು? ಪಕ್ಕದಲ್ಲಿ ನಿಂತ ಮಗುವಿನ ಮುಖದಲ್ಲಿ ಆ ವಸ್ತುವನ್ನು ಈಗಷ್ಟೇ ಮೊದಲ ಸಲ ನೋಡಿದ ಕಳೆ ಏಕಿದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸಾನ್ವಿಯ ಗಾಳಿಯಂತ್ರವನ್ನು ಊಟದ ಮೇಜಿನ ಮೇಲೆ ಕೂತು ಮಾಡಿದವಳು ನಾನೇ. ಅವಳು ಮಾಡಿದ್ದು ವಾಲುತ್ತಿತ್ತು. ಸ್ವಲ್ಪ ಸರಿ ಮಾಡಿಕೊಡುತ್ತೇನೆ ಎಂದು ಹೊರಟು ಪೂರ್ತಿ ಸರಿ ಮಾಡಿದೆ. ಫೋಟೋ ಹೊತ್ತಿಗೆ ಅವಳು ಬಂದು ಅದರ ಪಕ್ಕ ನಿಂತಳು. ಅವಳ ಮುಖದಲ್ಲೂ ಅದೇ ಕಳೆ ಇತ್ತು.

ನಮ್ಮ ಕಾಲದಲ್ಲಿ ಮನೆಪಾಠಕ್ಕೆ ಇಷ್ಟೆಲ್ಲ ಹೆಸರಿರಲಿಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ತಡ್ಪೆ ಎನ್ನುವ ಮೊರ, ತಡ್ಪೆಯಲ್ಲಿ ಹೊಗೆಸೊಪ್ಪು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ. ಕಟ್ಟಿದ ಬೀಡಿಗಳನ್ನು ಸಮನಾಗಿ ಜೋಡಿಸಿ ಕಟ್ಟು ಮಾಡುವುದು ನನ್ನ ಕೆಲಸ. ನನ್ನ ಮಗ್ಗಿ, ಕೂಡಿಸುವುದು, ಕಳೆಯುವುದು ಎಲ್ಲ ಬೀಡಿಯಲ್ಲೇ ಆದದ್ದು. ಇವತ್ತಿಗೂ ಆಫೀಸಿನಲ್ಲಿ ಕಾರ್ಗೋ ಪೆಟ್ಟಿಗೆಗಳನ್ನು ಎಣಿಸುವಾಗ ಮೂಗಿಗೆ ಹೊಗೆಸೊಪ್ಪಿನ ಘಾಟು ಹತ್ತಿದಂತಾಗುತ್ತದೆ. ಅಕ್ಷರ ಕಲಿತದ್ದು ಜಗಲಿಯ ಮೇಲೆ ಹರಡಿದ ಮರಳಿನಲ್ಲಿ. ತಪ್ಪು ಬರೆದರೆ ಅಂಗೈಯಿಂದ ಸವರಿದರೆ ಸಾಕು, ಅಕ್ಷರ ಮಾಯ. ಆದರೆ ಅಮ್ಮನ ಕಣ್ಣಿಗೆ ಬಿದ್ದ ತಪ್ಪು ಹಾಗೆ ಮಾಯವಾಗುತ್ತಿರಲಿಲ್ಲ. "ಹೋಗು, ನೆಕ್ಕಿಯ ಅಡರು ಮುರ್ಕೊಂಡು ಬಾ" ಎನ್ನುತ್ತಿದ್ದಳು. ಬೇಲಿಯ ನೆಕ್ಕಿ ಗಿಡದಿಂದ ನಮ್ಮ ಪೆಟ್ಟಿನ ಕೋಲನ್ನು ನಾವೇ ಆರಿಸಿ ತರಬೇಕು. ತೀರಾ ಸಣ್ಣದು ತಂದರೆ ಅನುಮಾನ ಬಂದು ಇನ್ನೊಂದು ತರಿಸುತ್ತಿದ್ದಳು. ಸಪೂರದ ಅಡರು ದಪ್ಪದ್ದಕ್ಕಿಂತ ಹೆಚ್ಚು ಉರಿಯುತ್ತದೆ ಎಂಬ ವಿಜ್ಞಾನವನ್ನೂ ನಾನು ಕಲಿತದ್ದು ಮನೆಯಲ್ಲೇ.

ಆ ಅಮ್ಮ ಕಳೆದ ಚಳಿಗಾಲದಲ್ಲಿ ವಿಸಿಟ್ ವೀಸಾದ ಮೇಲೆ ಮೊದಲ ಬಾರಿಗೆ ನಮ್ಮ ಮನೆಗೆ ಬಂದಳು. ನನಗೆ ಇದ್ದದ್ದು ಒಂದೇ ಆಸೆ. ವೀಸಾ ಮುಗಿಯುವುದರೊಳಗೆ ಅಜ್ಜಿಗೂ ಪುಳ್ಳಿಗೂ ಸ್ನೇಹವಾಗಬೇಕು. ಅಲ್ಲಿಯವರೆಗೆ ಅವರಿಬ್ಬರ ಸಂಬಂಧ ಫೋನಿನ ಪರದೆಯಲ್ಲಿ "ಊಟ ಆಯ್ತಾ" ಮತ್ತು "ಯೆಸ್ ಅಜ್ಜಿ" ಇವುಗಳ ನಡುವೆ ಮುಗಿಯುತ್ತಿತ್ತು. ಅಮ್ಮನಿಗೆ ತುಳು, ಕನ್ನಡ, ಮತ್ತು ಧಾರಾವಾಹಿಗಳ ದಯೆಯಿಂದ ಒಂದಿಷ್ಟು ಹಿಂದಿ. ಸಾನ್ವಿಗೆ ತುಳು ಕಿವಿಗೆ ಬಿದ್ದರೆ ಅಲ್ಪಸ್ವಲ್ಪ ಅರ್ಥವಾಗುತ್ತದೆ, ಬಾಯಿಂದ ಹೊರಡುವುದು ಇಂಗ್ಲಿಷು. ಆಸೆಯ ಬೆನ್ನಿಗೇ ಒಂದು ಹೆದರಿಕೆಯೂ ಇತ್ತು. ಮಗು ಮಧ್ಯಾಹ್ನ ಶಾಲಾ ಬಸ್ಸಿನಿಂದ ಇಳಿದ ಮೇಲೆ ನಾನು ದೇರಾದ ಆಫೀಸಿನಿಂದ ಬರುವವರೆಗೆ ಮನೆಯಲ್ಲಿ ಇಬ್ಬರೇ. ನಮ್ಮವರಿಗೆ ಅಬುಧಾಬಿಯಲ್ಲಿ ಕೆಲಸ, ವಾರವಿಡೀ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ರೂಮಿನಲ್ಲಿ, ಶುಕ್ರವಾರ ಸಂಜೆ ಮನೆಗೆ. ಅಲ್ ನಹ್ದಾದಲ್ಲಿ ನೆಕ್ಕಿ ಗಿಡ ಬೆಳೆಯುವುದಿಲ್ಲ ಎಂದು ನಾನು ಧೈರ್ಯ ತಂದುಕೊಂಡೆ.

ಮೊದಲ ವಾರ ಅಮ್ಮ ದುಬೈಯನ್ನೇ ಅನುಮಾನಿಸಿದಳು. ನಲ್ಲಿಯ ನೀರು ಸಮುದ್ರದ್ದೆಂದು ಕೇಳಿ ಸಾರಿಗೆ ಉಪ್ಪು ಕಡಿಮೆ ಹಾಕಿದಳು. ಮಾರುಕಟ್ಟೆಯ ಮೀನು ತನಗಿಂತ ಹಿರಿಯದು ಎಂದಳು. ಆಮೇಲೆ ಅವಳ ಗಮನ ಮನೆಯೊಳಕ್ಕೆ ತಿರುಗಿತು, ನನ್ನದೂ ತಿರುಗಿತು. ಮನೆಯಿಂದ ವಸ್ತುಗಳು ಕಾಣೆಯಾಗತೊಡಗಿದ್ದವು. ಬಟ್ಟೆಯ ಕ್ಲಿಪ್ಪುಗಳು ಹೋದವು. ಬೆಲ್ಲದ ಡಬ್ಬಿ ಹೋಯಿತು. ಅಮ್ಮನ ತಲೆನೋವಿನ ಮುಲಾಮು, ನನ್ನ ಸೂಜಿದಾರದ ಪೆಟ್ಟಿಗೆ, ಕೊನೆಗೆ ಸಾನ್ವಿಯ ಮರದ ಸ್ಕೇಲು. ಊರಿಂದ ಬಂದ ತಾಯಂದಿರು ಮನೆ ಚೊಕ್ಕ ಮಾಡುವ ಹೆಸರಿನಲ್ಲಿ ಎಲ್ಲವನ್ನೂ ಬೇರೆ ಕಡೆ ಇಡುತ್ತಾರೆ ಎಂದು ಮೊದಮೊದಲು ಸುಮ್ಮನಿದ್ದೆ. ಆದರೆ ಬೆಲ್ಲ ಎಲ್ಲಿ ಎಂದರೆ ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿ, "ಇರ್ಲಿ ಬಿಡು, ಬೆಲ್ಲಕ್ಕೆ ಅಷ್ಟು ಎಂತಕ್ಕೆ ಕೂಗುದು?" ಎಂದಳು. ನಾನು ಕೂಗಿರಲೇ ಇಲ್ಲ.

ಒಂದು ಸಂಜೆ ಮನೆಗೆ ಬಂದಾಗ ಸಾನ್ವಿ ಊಟದ ಮೇಜಿನ ಅಡಿಯಿಂದ ಗಡಿಬಿಡಿಯಲ್ಲಿ ಹೊರಗೆ ಬಂದಳು. ಮೇಜಿನ ಸುತ್ತ ಹಾಸಿಗೆಯ ಹೊದಿಕೆ ಇಳಿಬಿಟ್ಟಿತ್ತು. ಒಳಗೆ ಏನು ಎಂದರೆ "ನಥಿಂಗ್ ಮಮ್ಮಾ" ಎಂದು ಕೈಗಳನ್ನು ಹಿಂದಕ್ಕೆ ಅಡಗಿಸಿಕೊಂಡಳು. ಹಿಡಿದು ಬಿಡಿಸಿದರೆ ಅಂಗೈ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ. ಕಾಣೆಯಾದ ಸ್ಕೇಲು ನೆನಪಾಯಿತು. ಅಡಿಗೆಮನೆಯಲ್ಲಿ ಅಮ್ಮ ನಮಗೆ ಬೆನ್ನು ಹಾಕಿ ಪಾತ್ರೆ ಒರೆಸುತ್ತಿದ್ದಳು. ಆ ಬೆನ್ನನ್ನು ನಾನು ಚೆನ್ನಾಗಿ ಬಲ್ಲೆ. ಬೀಡಿ ಕಟ್ಟುವಾಗ ಅಲ್ಲಾಡದೆ ಕೂತು, ನನ್ನ ತಪ್ಪು ಕೇಳಿದ ಕೂಡಲೇ ತಿರುಗುತ್ತಿದ್ದ ಬೆನ್ನು ಅದು.

ಮರುದಿನ ಬೆಳಿಗ್ಗೆ ಲಿಫ್ಟಿನ ಹತ್ತಿರ ಸಿಕ್ಕ ಜುಬೈದಾಳ ಮುಂದೆ ಹೇಳಿಕೊಂಡೆ. ಅವಳು ಯೋಚಿಸಿಯೂ ನೋಡಲಿಲ್ಲ.

"ಮಗುವಿನತ್ರ ಕೇಳಿದ್ರೆ ಆಯ್ತಲ್ಲ ಶಶಿಯಕ್ಕಾ?"

ಜುಬೈದಾ ಒಳ್ಳೆಯವಳು, ಆದರೆ ಅನುಮಾನದ ಶಾಸ್ತ್ರ ಅವಳಿಗೆ ತಿಳಿಯದು. ಕೇಳಿಬಿಟ್ಟರೆ ಉತ್ತರ ಸಿಕ್ಕಿಬಿಡುತ್ತದೆ, ಆಮೇಲೆ ಅನುಮಾನಕ್ಕೆ ಕೆಲಸವೇನು? ನಾವು ಕೇಳುವವರಲ್ಲ, ನೋಡಿ ತಿಳಿಯುವವರು. ನಾನು ನೋಡುತ್ತ ಹೋದೆ. ಕಂಡದ್ದೆಲ್ಲ ಒಂದೇ ಕಡೆ ಬೆರಳು ತೋರಿಸಿತು. ನನ್ನ ಬೀಗದ ಕೈ ಸದ್ದಾದರೆ ಮಗು ಮೇಜಿನ ಕೆಳಗಿನಿಂದ ಎದ್ದು ಬರುತ್ತಿತ್ತು. ಅಮ್ಮ ಅವಳನ್ನು ಆಗಾಗ ಎಳೆದು ಅಪ್ಪಿಕೊಳ್ಳುತ್ತಿದ್ದಳು. ನನ್ನ ಅಮ್ಮ, ನನಗೆ ನೆನಪಿರುವ ಮಟ್ಟಿಗೆ, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು ಬಿಟ್ಟರೆ ಮಕ್ಕಳನ್ನು ಅಪ್ಪಿಕೊಂಡವಳೇ ಅಲ್ಲ. ಹೊಡೆದ ಮೇಲೆ ಪಶ್ಚಾತ್ತಾಪಕ್ಕೆ ಅಪ್ಪಿಕೊಳ್ಳುತ್ತಿದ್ದಾಳೆ ಎಂದು ನಾನು ತೀರ್ಪು ಬರೆದೆ. ಅಬುಧಾಬಿಗೆ ಫೋನು ಮಾಡಿ ಹೇಳಿದರೆ ನಮ್ಮವರು, "ಬಿಡು ಮಾರಾಯ್ತಿ, ಅಜ್ಜಿ ಪುಳ್ಳಿಯನ್ನು ಹಿಡ್ಕೊಳ್ಳುದೂ ತಪ್ಪಾ?" ಎಂದರು. ನಮ್ಮವರಿಗೆ ಮೀನು ಹೇಗಿದ್ದರೂ ತಾಜಾ.

ಶುಕ್ರವಾರ ಸಂಜೆ ತಡೆಯಲಾಗಲಿಲ್ಲ. ನಮ್ಮವರು ಇನ್ನೂ ದಾರಿಯಲ್ಲಿದ್ದರು. ಸಾನ್ವಿ ಜುಬೈದಾಳ ಮನೆಗೆ ಆಡಲು ಹೋಗಿದ್ದಳು. ಅಮ್ಮ ನೀರುದೋಸೆ ಎರೆಯುತ್ತಿದ್ದಳು.

"ಅಮ್ಮ, ಒಂದು ಮಾತು ಕೇಳ್ತೇನೆ. ಬೇಜಾರು ಮಾಡ್ಬೇಡ."

"ನನಗೂ ಒಂದು ಕೇಳ್ಲಿಕ್ಕುಂಟು. ಮೊದಲು ನೀನು ಕೇಳು."

"ನೀನು ಸಾನ್ವಿಗೆ ಹೊಡೆದ್ಯಾ?"

ಅಮ್ಮ ತಿರುಗಿದಳು. ಕೈಯಲ್ಲಿದ್ದ ಸೌಟಿನಿಂದ ಹಿಟ್ಟು ತೊಟ್ಟಿಕ್ಕುತ್ತಿತ್ತು.

"ನಾನು ನಿನ್ನತ್ರ ಕೇಳ್ಬೇಕು ಅಂತ ಇದ್ದದ್ದೂ ಅದನ್ನೇ," ಎಂದಳು. "ನೀನು ಆ ಮಗುವಿಗೆ ಎಂತ ಮಾಡ್ತೀ? ದಿನಾ ಕೈ ಮುಗಿದು ತಪ್ಪಾಯ್ತು ಅಂತ ಹೇಳ್ತದೆ. ಬೆಲ್ಲ ಎಲ್ಲಿ ಮಗಾ ಅಂದ್ರೆ ಕೈ ಮುಗಿತದೆ. ಮುಲಾಮು ಎಲ್ಲಿ ಅಂದ್ರೆ ಕೈ ಮುಗಿತದೆ. ನೀನು ಬರುವ ಸದ್ದು ಕೇಳಿದ್ರೆ ಮೇಜಿನ ಅಡಿಗೆ ಓಡ್ತದೆ. ಹೊಡೆಯದೆ ಮಕ್ಕಳು ಹಾಗೆ ಆಗ್ತಾರಾ? ನನಗೆ ಗೊತ್ತಿಲ್ವಾ?"

"ನಿನಗೆ ಗೊತ್ತುಂಟು. ನಿನಗಲ್ಲದೆ ಯಾರಿಗೆ ಗೊತ್ತು?" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾಲಿಗೆ ನಿಲ್ಲಲಿಲ್ಲ. "ನಾನು ನಿನ್ನ ಹಾಗೆ ಅಲ್ಲ ಅಮ್ಮ. ನನ್ನ ಮಗಳು ಅಡರು ಮುರ್ಕೊಂಡು ಬರ್ಲಿಕ್ಕೆ ಹೋದವಳಲ್ಲ."

ಕಾವಲಿಯ ಮೇಲಿನ ದೋಸೆ ಸೀದುಹೋಯಿತು. ಅಮ್ಮ ಅದನ್ನು ಎಬ್ಬಿಸಲಿಲ್ಲ. ಒಲೆ ಆರಿಸಿ, ಸೌಟನ್ನು ಹಿಟ್ಟಿನ ಪಾತ್ರೆಯಲ್ಲಿಟ್ಟು, ಕೈ ತೊಳೆದುಕೊಂಡಳು.

"ನನ್ನ ಟಿಕೆಟು ಸ್ವಲ್ಪ ಬೇಗ ಆಗ್ತದಾ ನೋಡು," ಎಂದು ಕೋಣೆಗೆ ಹೋದಳು.

ಅವಳ ಮಾತು ಮೆತ್ತಗಿತ್ತು. ಕೂಗಿದ್ದರೆ ನಾನೂ ಕೂಗಬಹುದಿತ್ತು. ಬಂದ ಕೆಲಸ ಮುಗಿಯದೆ, ಪುಳ್ಳಿಯ ಸ್ನೇಹವಾಗದೆ, ಮಗಳ ಬಾಯಿಂದ ಈ ಮಾತು ಕೇಳಿಸಿಕೊಂಡು ಅಮ್ಮ ಹಿಂತಿರುಗಿದರೆ ಇನ್ನೊಮ್ಮೆ ಬರುವವಳಲ್ಲ ಎಂದು ನನಗೆ ಖಾತ್ರಿಯಿತ್ತು. ಅಷ್ಟಾದರೂ ನನಗೆ ಸಿಟ್ಟೇ ಇತ್ತು. ಮಗು ಕೈ ಮುಗಿದದ್ದು ನಿಜವಾದರೆ, ಮುಗಿಸಿದವರು ಯಾರು?

ಶನಿವಾರ ಬೆಳಿಗ್ಗೆ ಮನೆಯಲ್ಲಿ ಯಾರೂ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಎ.ಸಿ.ಯ ಗುಂಯ್‌ಗುಡುವಿಕೆ ಮಾತ್ರ. ನಮ್ಮವರು ನನ್ನ ಮುಖ, ಅಮ್ಮನ ಮುಖ ನೋಡಿ, ಬುದ್ಧಿವಂತರಾಗಿ ಪೇಪರಿನೊಳಗೆ ತಲೆ ಹಾಕಿದರು. ಅಷ್ಟರಲ್ಲಿ ಊಟದ ಮೇಜಿನ ಅಡಿಯಿಂದ ಟಿಂಗ್ ಎಂದು ಸ್ಟೀಲ್ ಲೋಟ ಬಾರಿಸಿದ ಸದ್ದು ಬಂತು. ಹೊದಿಕೆಯ ಪರದೆ ಸರಿಯಿತು.

"ಶಾಪ್ ಈಸ್ ಓಪನ್! ಎವೆರಿಬಡಿ ಕಮ್!"

ಒಳಗೆ ಸಾನ್ವಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವಳ ಸುತ್ತ, ಕಾಣೆಯಾದ ನಮ್ಮ ಸಂಸಾರ. ಬೆಲ್ಲದ ಡಬ್ಬಿ, ಮುಲಾಮು, ಸೂಜಿದಾರದ ಪೆಟ್ಟಿಗೆ. ಬಟ್ಟೆಯ ಕ್ಲಿಪ್ಪುಗಳಿಂದ ಒಂದು ರಟ್ಟು ಸಿಕ್ಕಿಸಿ, ಕೆಂಪು ಸ್ಕೆಚ್ ಪೆನ್ನಿನಿಂದ ಅಂಗಡಿಯ ಬೋರ್ಡು ಬರೆದಿದ್ದಳು. ಆ ಕೆಂಪು ಅವಳ ಎರಡೂ ಕೈಗಳಲ್ಲಿತ್ತು. ಎದುರಿಗೆ ಒಂದು ತಕ್ಕಡಿ. ಮರದ ಸ್ಕೇಲಿನ ನಡುವೆ ದಾರ ಕಟ್ಟಿ, ಎರಡು ತುದಿಗೂ ಮೊಟ್ಟೆ ಟ್ರೇಯ ಒಂದೊಂದು ಗುಳಿಯನ್ನು ತೂಗುಹಾಕಿದ್ದಳು. ಅದು ಒಂದು ಕಡೆಗೆ ವಾಲುತ್ತಿತ್ತು.

ಆಗ ನೆನಪಾಯಿತು. ಆ ವಾರದ ಆ್ಯಕ್ಟಿವಿಟಿ ಅದೇ. ಮನೆಯಲ್ಲೇ ಒಂದು ಅಂಗಡಿ ಇಡಿ, ಮಗು ಅಂಗಡಿಯವರು, ಮನೆಮಂದಿ ಗಿರಾಕಿಗಳು. ಸಂದೇಶ ಓದಿ, ರಜೆಯ ದಿನ ನಾನೇ ಕೂತು ಮಾಡಿ ಮುಗಿಸುತ್ತೇನೆ ಎಂದುಕೊಂಡು ಮರೆತಿದ್ದೆ. ಮುಂಚೆ ನನಗೇಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದಾಗ ಸಾನ್ವಿ ತಕ್ಕಡಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು, "ಯು ವಿಲ್ ಮೇಕ್ ಇಟ್ ಸ್ಟ್ರೇಟ್" ಎಂದಳು.

ಅದು ಆಮೇಲಿನ ಮಾತು. ಆ ಹೊತ್ತಿಗೆ ನಾವೆಲ್ಲ ಮಂಕು ಬಡಿದು ನಿಂತಿದ್ದೆವು. ಮೊದಲು ಮುಂದೆ ಬಂದವಳು ಅಮ್ಮ. ನನ್ನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೋರಿಸುವ ಹೆಂಗಸಲ್ಲ ಅವಳು. ಮಂಡಿ ಹಿಡಿದುಕೊಂಡು ನೆಲದ ಮೇಲೆ ಕೂತಳು.

"ಸಕ್ಕರೆ ಉಂಟಾ ಮಗಾ?"

ಸಾನ್ವಿ ಗಂಭೀರವಾಗಿ ಹಿಂದೆ ಮುಂದೆ ನೋಡಿದಳು. ಆಮೇಲೆ ಎರಡೂ ಅಂಗೈಗಳನ್ನು ಒಂದಕ್ಕೊಂದು ತಾಗಿಸಿ, ತಲೆ ತಗ್ಗಿಸಿ, "ಮಾಫಿ" ಎಂದಳು.

ಅಮ್ಮ ಗಕ್ಕನೆ ನನ್ನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು.

"ನೋಡಿದ್ಯಾ? ಈಗಾದ್ರೂ ನೋಡಿದ್ಯಾ? ಹೀಗೇ! ದಿನಾ ಹೀಗೇ ಕೈ ಮುಗಿದು ಮಾಫಿ ಕೇಳ್ತದೆ!"

ನಮ್ಮವರು ಪೇಪರಿನ ಹಿಂದಿನಿಂದ ವಿಚಿತ್ರ ಸದ್ದೊಂದನ್ನು ಹೊರಡಿಸಿದರು.

ನಮ್ಮ ಕಟ್ಟಡದ ಕೆಳಗೆ ಒಂದು ಬಕಾಲ ಇದೆ. ಇಲ್ಲಿ ಬೀದಿಗೊಂದರಂತೆ ಇರುವ ಸಣ್ಣ ದಿನಸಿ ಅಂಗಡಿಗೆ ಬಕಾಲ ಎನ್ನುತ್ತಾರೆ. ಅದರ ಯಜಮಾನ ಮಲಯಾಳಿ, ಗಿರಾಕಿಗಳು ನಾನಾ ದೇಶದವರು, ಎಲ್ಲರಿಗೂ ಅರ್ಥವಾಗುವುದು ಇಲ್ಲಿಯ ಎರಡು ಮೂರು ಅರಬ್ಬಿ ಮಾತು. ಕೇಳಿದ ಸಾಮಾನು ಮುಗಿದಿದ್ದರೆ ಅವನು ಧೂಳು ಕೊಡವುವ ಹಾಗೆ ಎರಡು ಅಂಗೈ ತಟ್ಟಿ "ಮಾಫಿ" ಎನ್ನುತ್ತಾನೆ. ಇಲ್ಲ ಎಂದರ್ಥ. ಸಾನ್ವಿ ನೋಡಿದ ಅಂಗಡಿಯವನು ಅವನೊಬ್ಬನೇ. ಅಂಗಡಿ ಇಟ್ಟ ಮೇಲೆ ಅವನ ಹಾಗೆಯೇ ವ್ಯಾಪಾರ ಮಾಡುತ್ತಿದ್ದಳು. ಉದ್ಘಾಟನೆಗೆ ಮೊದಲು ಸರಕು ಹೊರಗೆ ಕೊಡುವಂತಿರಲಿಲ್ಲ. ಹಾಗಾಗಿ ಬೆಲ್ಲ ಎಲ್ಲಿ ಎಂದರೆ ಮಾಫಿ, ಮುಲಾಮು ಎಲ್ಲಿ ಎಂದರೆ ಮಾಫಿ. ಅಮ್ಮನಾದರೋ ಸಾಲ ಮಾಫಿಯನ್ನು ಕೇಳಿ ಬೆಳೆದವಳು. ಸಂಜೆಯ ಹಿಂದಿ ಧಾರಾವಾಹಿಯಲ್ಲಿ ಸೊಸೆಯಂದಿರು ಅತ್ತು ಅತ್ತು ಮಾಫಿ ಬೇಡುವುದನ್ನು ನೋಡಿದವಳು. ಕೈ ಜೋಡಿಸಿದ ಏಳು ವರ್ಷದ ಮಗು ಅದೇ ಶಬ್ದ ಹೇಳಿದರೆ ಅವಳು ಬೇರೆ ಏನು ತಿಳಿಯಬೇಕು?

"ಅಮ್ಮ," ಎಂದೆ, "ಅದು ಕೈ ಮುಗಿದದ್ದಲ್ಲ, ಕೈ ಕೊಡವಿದ್ದು. ಮಾಫಿ ಅಂದ್ರೆ ಇಲ್ಲಿ ಇಜ್ಜಿ ಅಂತ."

ಇಜ್ಜಿ ಎಂದರೆ ತುಳುವಿನಲ್ಲಿ ಇಲ್ಲ. ಅಮ್ಮ ಆ ಶಬ್ದವನ್ನು ಮೊದಲ ಬಾರಿಗೆ ಕೇಳಿದವಳಂತೆ ಕೂತಿದ್ದಳು.

"ಇಜ್ಜಿಯಾ?"

"ಇಜ್ಜಿ."

"ಹಾಗಾದ್ರೆ ಅದು ನನ್ನತ್ರ ಒಮ್ಮೆಯೂ ತಪ್ಪಾಯ್ತು ಅಂತ ಹೇಳಿದ್ದೇ ಇಲ್ವಾ?" ಅವಳ ದನಿಯಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಿತ್ತು. "ನಾನು ಎಷ್ಟು ಸಲ ಕ್ಷಮಿಸಿದೆ ಮಾರಾಯ್ತಿ!"

ಅವಳು ಕ್ಷಮಿಸಿದ್ದು ಸುಮ್ಮನೆ ಬಾಯಿಮಾತಿನಲ್ಲಿ ಅಲ್ಲ. ಮಗು ಮಾಫಿ ಎಂದಾಗಲೆಲ್ಲ, "ಆಯ್ತು ಬಂಗಾರ, ಹೆದರ್ಬೇಡ, ನಾನಿದ್ದೇನೆ" ಎಂದು ಎಳೆದು ಎದೆಗೊತ್ತಿಕೊಂಡಿದ್ದಾಳೆ. ಸಾನ್ವಿ ಇದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಳು. ನಮ್ಮನ್ನೆಲ್ಲ ಒಂದು ಸುತ್ತು ನೋಡಿ ವಿವರಿಸಿದಳು.

"ವೆನ್ ಐ ಸೇ ಮಾಫಿ, ಅಜ್ಜಿ ಹಗ್ಸ್ ಮಿ. ಸೋ ಐ ಡೋಂಟ್ ಸೆಲ್ ಎನಿಥಿಂಗ್."

ಅಪ್ಪುಗೆಯ ಆಸೆಗೆ ಅವಳು ಅಂಗಡಿಯನ್ನೇ ಖಾಲಿ ಇಟ್ಟಿದ್ದಳು! ಡಬ್ಬಿ ತುಂಬ ಬೆಲ್ಲ ಬೆನ್ನ ಹಿಂದೆ ಇಟ್ಟುಕೊಂಡು ಇಲ್ಲ ಇಲ್ಲ ಎನ್ನುತ್ತಿದ್ದ ಆ ವ್ಯಾಪಾರಿಯ ಮಾತನ್ನು ನಾನು ಅಮ್ಮನಿಗೆ ತುಳುವಿನಲ್ಲಿ ಹೇಳಿದೆ. ಅಮ್ಮ ತಲೆಬಾಗಿಸಿ ಮೇಜಿನ ಅಡಿಗೆ ತೂರಿ, ಅಂಗಡಿಯ ಒಳಗೇ ಹೋಗಿ ಕೂತಳು. ತಕ್ಕಡಿ ಬಿತ್ತು. ಯಾರೂ ಎತ್ತಲಿಲ್ಲ. ನನಗೆ ಅಳುವೂ ಬಂತು, ಹೊಟ್ಟೆಕಿಚ್ಚೂ ಆಯಿತು. ಸುಳ್ಳೇಕೆ? ನನಗೆ ಸಿಗದ ಅಪ್ಪುಗೆಯನ್ನು ಇವಳು ತಪ್ಪೂ ಮಾಡದೆ, ಕ್ಷಮೆಯೂ ಕೇಳದೆ ರಾಶಿಗಟ್ಟಲೆ ಗಳಿಸಿದ್ದಳು.

ಆ ದಿನವೇ ಅಮ್ಮ ಅವಳಿಗೆ ವ್ಯಾಪಾರದ ತುಳು ಕಲಿಸಿದಳು. ಇದ್ದರೆ ಉಂಡು, ಇಲ್ಲದಿದ್ದರೆ ಇಜ್ಜಿ. ಹುಣಸೆಬೀಜ ತೂಗುವುದನ್ನು, ಕಾಗದದ ಪೊಟ್ಟಣ ಕಟ್ಟುವುದನ್ನು, ಹಳೆಯ ಕಾಗದವನ್ನು ಸಪೂರಕ್ಕೆ ಸುರುಳಿ ಸುತ್ತಿ ದಾರ ಬಿಗಿಯುವುದನ್ನು ತೋರಿಸಿದಳು. ಆ ಸುರುಳಿಗಳನ್ನು ನೋಡಿ ನಾನು ಬೆಚ್ಚಿಬಿದ್ದೆ. ಎರಡನೇ ಗ್ರೇಡಿನ ಮಗು ಬೀಡಿ ಮಾರುವ ಫೋಟೋ ಶಾಲೆಗೆ ಕಳಿಸಿದರೆ ಏನಾಗುತ್ತದೋ! "ಅದು ಬೀಡಿಯಲ್ಲ, ಪೆನ್ಸಿಲು" ಎಂದಳು ಅಮ್ಮ. ನಾನು ನಂಬಲಿಲ್ಲ. ಫೋಟೋದಿಂದ ಆ ಮೂಲೆಯನ್ನು ಕತ್ತರಿಸಿ ಕಳಿಸಿದೆ. ಗ್ರೂಪಿನಲ್ಲಿ ಬೇರೆಯವರ ಅಂಗಡಿಗಳು ಬಂದವು. ಅಚ್ಚುಹಾಕಿಸಿದ ಬೋರ್ಡು, ಬಣ್ಣದ ಬಲ್ಬು, ಸಾಲಾಗಿ ನಿಂತ ಡಬ್ಬಿಗಳು. ಎಲ್ಲರ ತಕ್ಕಡಿಯೂ ನೆಟ್ಟಗಿತ್ತು. ನಮ್ಮದು ಮಾತ್ರ ವಾಲಿತ್ತು. ಅದರ ಪಕ್ಕದಲ್ಲಿದ್ದ ಸಾನ್ವಿಯ ಮುಖದಲ್ಲಿ ಈ ಸಲ, ಇದು ನನ್ನದು ಎಂಬ ಸೊಕ್ಕಿತ್ತು.

ಅಮ್ಮನ ಟಿಕೆಟ್ಟಿನ ತಾರೀಕು ಬದಲಾಗಲಿಲ್ಲ. ಬೇಗ ಮಾಡು ಎಂದು ಅವಳು ಮತ್ತೆ ಹೇಳಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಶುಕ್ರವಾರದ ಮಾತು ಅಡಿಗೆಮನೆಯಲ್ಲಿ ಸೀದ ದೋಸೆಯ ವಾಸನೆಯಂತೆ ಉಳಿದೇ ಇತ್ತು. ಕ್ಷಮಿಸು ಎಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆಗಳಲ್ಲಿ ಆ ರೂಢಿಯೇ ಇಲ್ಲ. ತುಳುವಿನಲ್ಲಿ ತಪ್ಪಾಂಡ್, ಅಂದರೆ ತಪ್ಪಾಯಿತು, ಎಂದು ಹೇಳುವುದುಂಟು. ಅದನ್ನು ದೈವದ ಮುಂದೆ ನಿಂತು ಹೇಳುತ್ತೇವೆ, ತಾಯಿ ಮಕ್ಕಳು ಒಬ್ಬರಿಗೊಬ್ಬರು ಹೇಳಿದ್ದನ್ನು ನಾನು ಕೇಳಿಲ್ಲ. ಮನುಷ್ಯರ ನಡುವೆ ಏನಾದರೂ ಆದರೆ ಊಟಕ್ಕೆ ಕೂತಾಗ ಬಟ್ಟಲಿಗೆ ಮೀನಿನ ದೊಡ್ಡ ತುಂಡು ಬೀಳುತ್ತದೆ, ಅಷ್ಟೇ. ಆ ಶನಿವಾರದ ಊಟಕ್ಕೆ ನನ್ನ ಬಟ್ಟಲಿಗೆ ಅಂಜಲ್ ಮೀನಿನ ನಡುತುಂಡು ಬಿತ್ತು. ರಾತ್ರಿ ನಾನು ಅಮ್ಮನ ಬಟ್ಟಲಿಗೆ ಇನ್ನೊಂದು ಹಾಕಿದೆ. ಇಬ್ಬರೂ ಮುಳ್ಳು ಆರಿಸುತ್ತ ತಲೆ ತಗ್ಗಿಸಿ ಉಂಡೆವು. ಅವಳು ಹಾಕಿದ ತುಂಡು ಸಮಾಧಾನಕ್ಕೋ, ಮೀನು ಮಿಕ್ಕಿತ್ತೋ ಎಂದು ನನಗೆ ಅನುಮಾನವಿತ್ತು. ಅವಳಿಗೂ ಇದ್ದಿರಬೇಕು.

ಹೊರಡುವ ದಿನ ಅಮ್ಮ ಪೆಟ್ಟಿಗೆ ಕಟ್ಟುವಾಗ ಮೊಟ್ಟೆಯ ಟ್ರೇಯನ್ನು ಫ್ರಿಜ್ಜಿನ ಮೇಲಿಟ್ಟು, "ಇದನ್ನು ಬಿಸಾಡ್ಬೇಡಿ, ತಕ್ಕಡಿ ಹಾಳಾದ್ರೆ ಬೇಕಾಗ್ತದೆ" ಎಂದಳು. ಮತ್ತೆ ಬರುತ್ತಾಳೆ ಎಂದು ಅದರ ಅರ್ಥವೇ ಎಂದು ನಾನು ಕೇಳಲಿಲ್ಲ. ಆಗಲೇ ಹೇಳಿದೆನಲ್ಲ, ನಾವು ಕೇಳುವವರಲ್ಲ.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗುವ ಜಾಗದಲ್ಲಿ ನಾವು ನಿಂತೆವು. ಸಾನ್ವಿ ಅಜ್ಜಿಯ ಸೀರೆಯ ಸೆರಗು ಹಿಡಿದು ಮೇಲೆ ನೋಡಿದಳು.

"ಅಜ್ಜಿ, ಆರ್ ಯು ಕ್ರೈಯಿಂಗ್?" ಎಂದು, ಅರ್ಥವಾಗಲೆಂದು ತನ್ನ ಕಣ್ಣಿನ ಕೆಳಗೆ ಬೆರಳಿಂದ ಗೆರೆ ಎಳೆದು ತೋರಿಸಿದಳು.

ಅಮ್ಮ ಬ್ಯಾಗನ್ನು ನೆಲಕ್ಕಿಟ್ಟು, ಎರಡೂ ಅಂಗೈ ತಟ್ಟಿ ಕೊಡವಿದಳು.

"ಮಾಫಿ. ನೀನು?"

"ಇಜ್ಜಿ," ಎಂದಳು ಸಾನ್ವಿ.

ಇಬ್ಬರೂ ಹೇಳಿದ್ದು ಶುದ್ಧ ಸುಳ್ಳು. ಕಂಡುಹಿಡಿಯಲು ನನ್ನಂಥವಳೇ ಬೇಕಿರಲಿಲ್ಲ. ಇಬ್ಬರ ಗಲ್ಲವೂ ಒದ್ದೆಯಾಗಿತ್ತು.

ಅಮ್ಮ ಸಾಲಿನಲ್ಲಿ ಮುಂದೆ ಹೋದಳು. ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದು, ಅದು ತನ್ನದೇ ಹೌದೇ ಎಂದು ಒಮ್ಮೆ ನೋಡಿಕೊಂಡಳು. ಮತ್ತೆ ಏನು ಅನ್ನಿಸಿತೋ, ಹಿಂದಿದ್ದವರಿಗೆ ಜಾಗ ಬಿಟ್ಟುಕೊಟ್ಟು ಬೀಳ್ಕೊಡುವವರನ್ನು ತಡೆಯಲು ಕಟ್ಟಿದ ಹಗ್ಗದ ತನಕ ವಾಪಸು ಬಂದಳು. ಏನೋ ಮರೆತಿರಬೇಕೆಂದು ನಾನು ಹತ್ತಿರ ಹೋದೆ. ಅವಳು ನನ್ನ ಮುಖವನ್ನೇ ನೋಡಿದಳು. ಈ ಸಲ ಅಂಗೈ ಕೊಡವಲಿಲ್ಲ.

"ಮಾಫಿ," ಎಂದಳು.

ನಾನು ಅವಳ ಹತ್ತಿರ ಏನನ್ನೂ ಕೇಳಿರಲಿಲ್ಲ.